ಆರು ತೂತು, ಆರು ಬೆಂಡು

"ಈ ಭಾನುವಾರ ಮೀನುಗಳ ಬೆಂಡೆತ್ತದಿದ್ರೆ ನನಗೆ ಬೇರೆ ಹೆಸರಿಡು!" ಎಂದು ಗಡಿಯಾರ ರಿಪೇರಿಯವನು ಹೆಂಡತಿಯೆದುರು ಎದೆ ತಟ್ಟಿಕೊಂಡ.

"ಮೊದಲು ಒಂದು ಮೀನು ತನ್ನಿ. ಹೆಸರಿನ ವಿಚಾರ ಆಮೇಲೆ ನೋಡೋಣ," ಎಂದಳು ಅವಳು.

ಮಾತು ಚುಚ್ಚಿತು, ಏಕೆಂದರೆ ನಿಜವಾಗಿತ್ತು. ಅವನು ಗಾಳ ಹಾಕುವ ಕಡಲದಡದಲ್ಲಿ ನೀರು ಸೊಂಟದುದ್ದವೂ ಇಲ್ಲ; ಅಡಿಯಲ್ಲೆಲ್ಲ ಹಲ್ಲು ಮಸೆಯುತ್ತ ಕೂತ ಬಂಡೆಗಳು. ಗಾಳ ಮುಳುಗಿದ್ದೇ ತಡ ಬಂಡೆ ಕಚ್ಚುತ್ತಿತ್ತು, ದಾರ ಹರಿಯುತ್ತಿತ್ತು. ಮೂರು ವರ್ಷದಲ್ಲಿ ಅವನಿಗೆ ಹಿಡಿದದ್ದು ನೆಗಡಿಯೊಂದೇ! ಸಾಲದ್ದಕ್ಕೆ ಮಾವನವರು ಬಂದಿಳಿದಿದ್ದರು. ದೋಣಿ ಕಟ್ಟಿ, ಹಾಯಿ ಹೊಲಿದು ಮುದುಕರಾದವರು. ಬಂದಾಗಲೆಲ್ಲ ತಟ್ಟೆ ನೋಡಿ, "ಅಳಿಯಂದ್ರ ಕೈಯ ಮೀನು ತಿನ್ನೋ ಯೋಗ ಈ ಜನ್ಮಕ್ಕಿಲ್ಲ ಬಿಡಿ," ಎಂದು ನಿಟ್ಟುಸಿರು ಬಿಡುತ್ತಿದ್ದರು. ಈ ಸಲ ಅವರಿಂದ ಒಂದು 'ಭಲೇ' ಹೇಳಿಸಲೇಬೇಕಿತ್ತು.

ಉಪಾಯ ಹೊಳೆಯಿತು: ಬೆಂಡು! ಅದು ನೀರ ಮೇಲೆ ತೇಲಬೇಕು, ಅದರ ಕೆಳಗೆ ಒಂದೇ ಮೊಳ ದಾರದಲ್ಲಿ ಗಾಳ ನೇತಾಡಬೇಕು. ಬಂಡೆಗಳು ಬಾಯಿ ಬಿಟ್ಟುಕೊಂಡು ಕೂತಿರಲಿ!

"ಏನೇ, ಹಳೇ ಹವಾಯಿ ಚಪ್ಪಲಿ ಇದೆಯಾ?"

"ಬಾಗಿಲ ಹತ್ರ ಹಳೇದೊಂದು ಜೊತೆ ಇದೆ, ತಗೊಳ್ಳಿ," ಎಂದಳು ಅಡುಗೆಮನೆಯಿಂದ.

ಬಾಗಿಲ ಬಳಿ ಎರಡು ಜೊತೆ ಇದ್ದವು. ಅವನು ಅಂಗಡಿಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಎರಡನ್ನೂ ಕೂಲಂಕಷ ಪರೀಕ್ಷಿಸಿದ. ಒಂದು ಅವನದೇ, ಅದಕ್ಕೆ ಇನ್ನೂ ಆಯುಸ್ಸಿತ್ತು. ಇನ್ನೊಂದರ ಹಿಮ್ಮಡಿ ಸವೆದು, ಅಂಚು ಸೀಳಿ, ಅದಕ್ಕೆ ನೀಲಿ ದಾರದ ಹೊಲಿಗೆ ಬಿದ್ದಿತ್ತು. ಬದುಕಿರುವ ಯಾವ ಮನುಷ್ಯನೂ ಇದನ್ನು ಮೆಟ್ಟಲಾರ ಎಂದು ತೀರ್ಪು ಕೊಟ್ಟೇಬಿಟ್ಟ. ಆತುರಗಾರನಿಗೆ ಬುದ್ಧಿ ಮಟ್ಟ! ಒಳಗೆ ಮಾವನವರು ನಿಶ್ಚಿಂತೆಯಿಂದ ಗೊರಕೆ ಹೊಡೆಯುತ್ತಿದ್ದರು.

ಪಟ್ಟಿ ಸಿಕ್ಕಿಸಲು ಒಂದು ಚಪ್ಪಲಿಗೆ ಮೂರು ತೂತು, ಒಂದು ಜೊತೆಗೆ ಆರು. ಗಾಳದ ದಾರ ಪೋಣಿಸಲೆಂದು ದೇವರೇ ಕೊರೆದಿಟ್ಟ ಹಾಗೆ! ತೂತಿಗೊಂದರಂತೆ ಕತ್ತರಿಸಿ ಆರು ಬೆಂಡು ಮಾಡಿದ. ಬಕೆಟ್ಟಿನಲ್ಲಿ ಬಿಟ್ಟರೆ ಬಾತುಕೋಳಿಗಳಂತೆ ತೇಲಿದವು.

"ನನ್ನ ಚಪ್ಪಲಿ ಎಲ್ಲಿ, ಮಗಳೇ?" ಎಂದು ಬಾಗಿಲಿಂದ ಮಾವನವರ ದನಿ. "ಅಳಿಯಂದ್ರ ಜೊತೆ ನಾನೂ ದಡಕ್ಕೆ ಹೋಗ್ತೀನಿ."

ಅಳಿಯ ಬಕೆಟ್ಟನ್ನು ಕಾಲಿಂದ ಹಿಂದಕ್ಕೆ ತಳ್ಳಿದ. "ನಾಯಿ... ನಾಯಿ ಎಳ್ಕೊಂಡು ಹೋಗಿರ್ಬೇಕು, ಮಾವ!"

ಹೆಂಡತಿ ಗಂಡನ ಮುಖ ನೋಡಿದಳು, ಬಕೆಟ್ ನೋಡಿದಳು. ತನ್ನ ಗುಲಾಬಿ ಬಣ್ಣದ ಚಪ್ಪಲಿ ತಂದು ಅಪ್ಪನ ಮುಂದಿಟ್ಟಳು. ಹಿಮ್ಮಡಿಗಳನ್ನು ಹೊರಗೆ ಬಿಟ್ಟುಕೊಂಡೇ ಮಾವನವರು ಹೊರಟರು.

ದಡದಲ್ಲಿ ಅಳಿಯ ತನ್ನ ಚಪ್ಪಲಿ ಕಳಚಿಟ್ಟು, ಚಪ್ಪಟೆ ಬಂಡೆಯ ಮೇಲೆ ಕೂತು ಗಾಳ ಎಸೆದ. ಸಿಕ್ಕಿಕೊಳ್ಳಲಿಲ್ಲ! ಬೆಂಡು ಕುಣಿಯಿತು, ತಲೆದೂಗಿತು, ಗುಳಕ್ಕನೆ ಮುಳುಗಿತು. ಎಳೆದರೆ ಮೊಳಕೈಯುದ್ದದ ಮೀನು!

"ಭಲೇ ಅಳಿಯಂದ್ರೇ!" ಎಂದು ಮಾವನವರು ಕೂಗಿದರು. ಮೂರು ವರ್ಷದ ಅವಮಾನ ಒಂದೇ ಮಾತಿಗೆ ಕರಗಿ ಅಳಿಯನ ಕಣ್ಣು ತುಂಬಿತು.

ಗಾಳ ಬಿಡಿಸಲು ಮಾವನವರು ದಾರ ಹಿಡಿದೆಳೆದರು. ಬೆಂಡು ಕೈಗೆ ಬಂತು. ಅದರ ಅಂಚಿನಲ್ಲಿ ನೀಲಿ ದಾರದ ಹೊಲಿಗೆ. ಹಾಯಿ ಹೊಲಿದ ಕೈಯ ಹೊಲಿಗೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಆ ನಾಯಿ ಭಾರೀ ಅಚ್ಚುಕಟ್ಟಾಗಿ ಕತ್ತರಿಸಿದೆ," ಎಂದರು. "ನಿಮ್ಮ ಅಂಗಡೀಲೇ ಕೆಲಸ ಕಲ್ತಿರ್ಬೇಕು."

"ಮಾವ, ಅದು ಏನಾಯ್ತು ಅಂದ್ರೆ..."

"ಇರ್ಲಿ ಬಿಡಿ." ಮಾವನವರು ಅಳಿಯನ ಚಪ್ಪಲಿಯೊಳಗೆ ಕಾಲು ತೂರಿಸಿದರು. ಒಂದು ಕೈಯಲ್ಲಿ ಮಗಳ ಚಪ್ಪಲಿ, ಇನ್ನೊಂದರಲ್ಲಿ ಮೀನು ಹಿಡಿದು ನಡೆದೇಬಿಟ್ಟರು. "ನನ್ನ ಚಪ್ಪಲಿ ನಿಮ್ಮ ಹತ್ರಾನೇ ಇದೆಯಲ್ಲ, ಮೆಟ್ಕೊಂಡು ಬನ್ನಿ!"

ಮನೆಯವರೆಗೂ ಜಲ್ಲಿಕಲ್ಲಿನ ದಾರಿ. ಹತ್ತು ಹೆಜ್ಜೆಗೆ ಹತ್ತು 'ಅಯ್ಯೋ'! ಕೊನೆಗೆ ವಿಧಿಯಿಲ್ಲದೆ, ಚೀಲದಲ್ಲಿದ್ದ ಬೆಂಡುಗಳನ್ನೂ ಹೊರತೆಗೆದು, ಕಾಲಿಗೆ ಮೂರರಂತೆ ಗಾಳದ ದಾರದಿಂದ ಬಿಗಿದುಕೊಂಡು, ಕುಂಟುತ್ತ ಮನೆ ಸೇರಿದ. ಒಳಗಿನಿಂದ ಮೀನು ಹುರಿಯುವ ವಾಸನೆ ಬರುತ್ತಿತ್ತು.

ಬಾಗಿಲು ತೆರೆದ ಹೆಂಡತಿ ಅವನ ಕಾಲು ನೋಡಿ, ತುಟಿ ಕಚ್ಚಿ ನಗು ತಡೆದುಕೊಂಡಳು.

"ರೀ, ಅಪ್ಪ ನಿಮ್ಮನ್ನ ಊಟಕ್ಕೆ ಕಾಯ್ತಿದ್ದಾರೆ. ಆದ್ರೆ ಅವರ ಚಪ್ಪಲಿ ಬಾಗಿಲ ಹೊರಗೇ ಬಿಟ್ಟು ಒಳಗೆ ಬರಬೇಕಂತೆ. ಎಣಿಸಿ ಬಿಡಿ, ಆರೂ ಇರ್ಬೇಕಂತೆ!"