ಮಾವನ ಬಾವಿ ಅಂಗಿ

ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಯಳಂದೂರು ಬಸ್ ನಿಲ್ದಾಣದ ಎದುರು ಮಂಕಿ ಕ್ಯಾಪು ಹಾಕಿಕೊಂಡು ನಿಂತು, ಕಬ್ಬಿನ ಹಾಲಿನ ಗಾಡಿಯವನಿಗೆ "ಐಸ್ ಆಕ್ಬ್ಯಾಡ ಕಣ್ಲಾ, ಲೋಟನೂ ವಸಿ ಬಿಸ್ಲಲ್ಲಿಟ್ಟು ಕೊಡು" ಎಂದು ತಾಕೀತು ಮಾಡುವ ಮನುಷ್ಯನನ್ನು ನೀವು ಕಂಡಿದ್ದೀರಾ? ಕಂಡಿದ್ದರೆ ಅವರೇ ನನ್ನ ಸೋದರಮಾವ. ಇಡೀ ತಾಲ್ಲೂಕಿನಲ್ಲಿ ಅವರಷ್ಟು ಚಳಿಪುಕ್ಕಲರು ಇನ್ನೊಬ್ಬರಿಲ್ಲವೆಂದು ಯಾವ ದೇವರ ಮುಂದೆ ಬೇಕಾದರೂ ಕರ್ಪೂರ ಹಚ್ಚಿ ಹೇಳುತ್ತೇನೆ. ಇಂಥವರು ಹೊಟ್ಟೆಪಾಡಿಗೆ ಏನು ಮಾಡಬೇಕಿತ್ತು ಹೇಳಿ? ಆಲೆಮನೆಯಲ್ಲಿ ಬೆಲ್ಲದ ಒಲೆಗೆ ಸೌದೆ ತಳ್ಳುತ್ತಾ ಸುಖವಾಗಿ ಇರಬಹುದಿತ್ತು. ನಮ್ಮ ಮಾವ ಮಾಡುತ್ತಿದ್ದುದು ಬಾವಿಯಲ್ಲಿ ಮುಳುಗುವ ಕೆಲಸ!

ಎಂಬತ್ತರ ದಶಕ. ನಮ್ಮೂರು ಹೊನ್ನೂರಿನ ಸುತ್ತ ಇನ್ನೂ ತೆರೆದ ಬಾವಿಗಳಿದ್ದವು. ನೀರಿನ ತಳದಲ್ಲಿ ಪೈಪಿನ ತುದಿಗಿರುವ ಫುಟ್‌ವಾಲ್ವಿಗೆ ಕಸ ಸಿಕ್ಕಿಕೊಂಡು ಮೋಟಾರು ಬರೀ ಗಾಳಿ ಎಳೆಯತೊಡಗಿದರೆ ಮಾವನಿಗೆ ಕರೆ ಬರುತ್ತಿತ್ತು. ಬಿಂದಿಗೆ ಬಿದ್ದರೂ ಮಾವ, ಮೇಕೆ ಬಿದ್ದರೂ ಮಾವ. ಉಸಿರು ಕಟ್ಟಿ ತಳದಲ್ಲಿ ಕೂರುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. "ನೀರೊಳಗೆ ಒಂಥರಾ ನೆಮ್ದಿ ಕಣ್ಲಾ. ಯಾರೂ ಮಾತಾಡ್ಸಲ್ಲ. ನಿಮ್ಮತ್ತೆ ಸೈತ!" ಎನ್ನುತ್ತಿದ್ದರು.

ಅಡ್ಡಿ ಇದ್ದದ್ದು ಚಳಿಯೊಂದೇ. ಶಾಗ್ಯದಿಂದ ಬರುತ್ತಿದ್ದ ಅವರ ಜೊತೆಗಾರ ಪುಷ್ಯಮಾಸದಲ್ಲೂ ಲಂಗೋಟಿಯಲ್ಲೇ ದುಮುಕಿ, ಮೇಲೆ ಬಂದು ಒದ್ದೆ ಮೈಯಲ್ಲೇ ನಿಂತು ಬೀಡಿ ಸೇದುತ್ತಿದ್ದ. ಮಾವನಿಗೋ ತಳದಲ್ಲೇ ಬೆರಳು ಮರಗಟ್ಟಿ ಸ್ಪ್ಯಾನರು ಜಾರಿ ಬೀಳುತ್ತಿತ್ತು. ಆ ಸ್ಪ್ಯಾನರು ತರಲು ಮತ್ತೊಮ್ಮೆ ಮುಳುಗಬೇಕು! "ಇನ್ನು ಬಿಟ್ಬುಡಣ್ಣ, ನಾನ್ ನೋಡ್ಕತೀನಿ" ಎಂದು ಜೊತೆಗಾರ ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಮಾವ ಅವತ್ತು ಊಟ ಮಾಡಲಿಲ್ಲ. ಚಳಿಗೊಂದು ದಾರಿ ಕಾಣದಿದ್ದರೆ ಬಾವಿ ಬಿಡಬೇಕು. ಬಾವಿ ಬಿಡುವ ಮಾತೆತ್ತಿದರೆ ಅವರ ಮುಖ ನೋಡಲಾಗುತ್ತಿರಲಿಲ್ಲ. ಹೀಗೆ ಶುರುವಾಯಿತು ಅಂಗಿಯ ಹುಡುಕಾಟ.

ಮೊದಲು ಅಂಗಿಯ ಬದಲು ಹರಳೆಣ್ಣೆ. ಅಡಿಯಿಂದ ಮುಡಿಯವರೆಗೆ ಬಳಿದುಕೊಂಡು ಇಳಿದರು. ಚಳಿ ತಡೆಯಿತೋ ಬಿಟ್ಟಿತೋ, ಮೇಲೆಳೆಯಲು ಹೋದವರ ಕೈಗೆ ಮಾವ ಸಿಗಲೇ ಇಲ್ಲ! ಹಿಡಿದಷ್ಟೂ ಸರ್ರನೆ ಜಾರಿ ವಾಪಸ್ಸು ಬಾವಿಗೆ. ಬಾವಿಯ ಯಜಮಾನ ತಲೆಯ ಮೇಲೆ ಕೈಹೊತ್ತು, "ಅಲ್ಲ ಕಣಣ್ಣ, ನೀರೆಲ್ಲ ಅರಳೆಣ್ಣೆ ಮಾಡ್ಬುಟ್ಟಲ್ಲ! ನನ್ ಎಮ್ಮೆ ಕುಡುದ್ರೆ ಅದರ ಗತಿ ಏನು?" ಎಂದು ಗೋಳಾಡಿದ. ಎಮ್ಮೆಯ ಗತಿ ಏನಾಯಿತೆಂದು ನಾನು ವಿಚಾರಿಸಲು ಹೋಗಲಿಲ್ಲ.

ಆಮೇಲೆ ನನ್ನ ಹಳೆಯ ಉಲ್ಲನ್ ಸ್ವೆಟರು. ಅದನ್ನು ತೊಡುವ ಮುಂಚೆ ಮಾವ ನನಗೊಂದು ಪಾಠ ಹೇಳಿದರು. "ಅಂಗಿ ಒಳಗೆ ಸಿಕ್ಕಂಡಿರೋ ನೀರು ನಂದು ಕಣ್ಲಾ, ಮೈ ಕಾವ್ಗೆ ಬೆಚ್ಚಗಾಯ್ತದೆ. ಆಚೆ ಇರೋದು ಬಾವೀದು. ಅವೆರಡ್ನೂ ಬೆರೆಯಾಕೆ ಬುಡಬಾರ್ದು!" ಪಾಠವೇನೋ ಚೆನ್ನಾಗಿತ್ತು. ಆದರೆ ಇಳಿಯುವಾಗ ಸೊಂಟಕ್ಕಿದ್ದ ಸ್ವೆಟರು ಹತ್ತುವಾಗ ಮೊಣಕಾಲಿಗೆ ಬಂದಿತ್ತು. ಅರ್ಧ ಬಾವಿ ಅದರೊಳಗೇ ಇತ್ತು! ಮೇಲೆಳೆಯಲು ಎತ್ತು ಕಟ್ಟೋಣವೇ ಎಂದು ಯಾರೋ ಕೇಳಿದರು.

ಅಷ್ಟರಲ್ಲಿ ಪಂಚಾಯ್ತಿ ಟೀವಿಯಲ್ಲಿ, ಮೈಗಂಟಿದ ಕಪ್ಪು ರಬ್ಬರಿನ ಉಡುಪು ತೊಟ್ಟು ಬೆನ್ನಿಗೆ ಗಾಳಿ ಸಿಲಿಂಡರು ಕಟ್ಟಿ ಸಮುದ್ರದ ತಳಕ್ಕಿಳಿಯುವವರನ್ನು ತೋರಿಸಿಬಿಟ್ಟರು. ಮಾವನಿಗೆ ನಿದ್ದೆ ಎಲ್ಲಿಂದ ಬರಬೇಕು? "ಸಿಲಿಂಡರ್ ಯಾವನಿಗ್ ಬೇಕ್ಲಾ! ಆ ಅಂಗಿ ನೋಡು, ಅಂಗಿ!" ನಾನು ಮಾವನ ಮನೆಯಲ್ಲೇ ಇದ್ದು ದಿನಾ ಕೊಳ್ಳೇಗಾಲಕ್ಕೆ ಕೆಲಸಕ್ಕೆ ಹೋಗುತ್ತಿದ್ದೆ. ನನ್ನ ಮೊಪೆಡ್ಡಿನ ಹಿಂದೆ ಕೂತು ಅಲ್ಲಿನ ಪಂಕ್ಚರ್ ಅಂಗಡಿಗೆ ಬಂದರು. ಹಳೆಯ ಟ್ರ್ಯಾಕ್ಟರ್ ಟ್ಯೂಬುಗಳನ್ನು ಕೊಯ್ಯಿಸಿ, ಸಲ್ಯೂಷನ್ ಹಚ್ಚಿ ಅಂಟಿಸಿ, ಅಂಗಿ ಚಡ್ಡಿ ಎರಡೂ ಒಂದೇ ಆದ ಉಡುಪು ಮಾಡಿಸಿದರು. ಅಂಗಡಿಯವನು ಕೊನೆಗೆ, "ಗಾಳಿ ಚೆಕ್ ಮಾಡ್ಲಾ ಸಾ?" ಎಂದ.

ಚೆಕ್ ಮಾಡಿಸಬೇಕಿತ್ತು! ಉಡುಪಿನೊಳಗೆಲ್ಲ ಗಾಳಿ ಸಿಕ್ಕಿಕೊಂಡು ಮಾವ ನೀರಿನ ಮೇಲೆ ಅಂಗಾತ ತೇಲಿದರು. ಬಿದಿರಿನ ಗಳುವಿನಿಂದ ಒತ್ತಿದರೆ ಒಂದು ಕಡೆ ಮುಳುಗಿ ಇನ್ನೊಂದು ಕಡೆ ಪುಳಕ್ಕನೆ ಏಳುತ್ತಿದ್ದರು. "ಮುಳುಗೋರ್ನ ಕರ್ಸುದ್ರೆ ತೇಲೋರು ಬಂದವ್ರಲ್ಲಪ್ಪೋ!" ಎಂದು ಕಟ್ಟೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಜೊತೆಗಾರ ಲಂಗೋಟಿ ಬಿಗಿದು ದುಮುಕಿ ಕೆಲಸ ಮುಗಿಸಿದ.

ಆ ಚಳಿಗಾಲ ಮಾವನಿಗೆ ಕೆಮ್ಮು ಹಿಡಿಯಿತು. ಅತ್ತೆ ಹಾಡಿದ್ದೇ ಹಾಡು: "ಬಾವಿ ಸವಾಸ ಬುಡಿ ಅಂದ್ರೆ ಕೇಳಕಿಲ್ವಲ್ಲ! ನಾನ್ ಬೇಕಾ, ಬಾವಿ ಬೇಕಾ?" ಮಾವ ಯೋಚನೆ ಮಾಡುತ್ತಿರುವವರಂತೆ ಗಡ್ಡ ಕೆರೆದುಕೊಂಡು, ಸೌದೆಯಲ್ಲಿ ಪೆಟ್ಟು ತಿನ್ನುವ ಮೊದಲು ಎದ್ದುಬಿಡುತ್ತಿದ್ದರು. ಆದರೆ ಪಂಪು ಕೆಟ್ಟವರು ಈಗ ನಮ್ಮ ಮನೆ ದಾಟಿಕೊಂಡು ಜೊತೆಗಾರನನ್ನು ಹುಡುಕಿ ಹೋಗುತ್ತಿದ್ದರು. ಒಂದು ಬೆಳಿಗ್ಗೆ ಹಾಗೆ ಹೋದವರನ್ನು ಜಗಲಿಯಲ್ಲಿ ಕೂತು ನೋಡುತ್ತಿದ್ದ ಮಾವನ ಮುಖವನ್ನು ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಬೈಯಲಿಲ್ಲ. ಅದೇ ನನಗೆ ಭಯ ಹುಟ್ಟಿಸಿತು.

ಕೆಲವು ದಿನ ಕಳೆದು ಅತ್ತೆ ಮಾವನ ಮುಂದೆ ಒಂದು ಉಡುಪು ತಂದಿಟ್ಟರು. ಕುತ್ತಿಗೆಯಿಂದ ಹಿಮ್ಮಡಿಯವರೆಗೆ, ಎರಡು ಪದರ, ಮೈಗಂಟುವಂಥ ಹೊಲಿಗೆ. ಅರಿಶಿನ ಬಣ್ಣ, ತೋಳಿನ ತುದಿಗೆ ಜರಿ ಅಂಚು. ಅವರ ಧಾರೆ ಸೀರೆ! ಅಪ್ಪಟ ಕೊಳ್ಳೇಗಾಲದ ರೇಷ್ಮೆ!

"ರೇಸ್ಮೆ ಬೆಚ್ಚಗಿರ್ತದಂತೆ. ಆಕ್ಕಂಡು ಓಗಿ" ಎಂದಷ್ಟೇ ಹೇಳಿ ಒಳಗೆ ಹೋದರು.

ಜೊತೆಗಾರನನ್ನು ಕರೆಯಲು ಹೊರಟಿದ್ದವರನ್ನು ತಡೆದು ಮಾವ ಜರಿ ಮಿಂಚಿಸುತ್ತಾ ಅವರ ಬಾವಿಗಿಳಿದರು. ಯಾರಿಗೂ ನಗು ಬರಲಿಲ್ಲ. ಫುಟ್‌ವಾಲ್ವ್ ಬಿಡಿಸಿ, ಸ್ಪ್ಯಾನರ್ ಸಮೇತ ಮೇಲೆ ಬಂದರು. ತುಟಿ ನೀಲಿ, ಹಲ್ಲು ಕಟಕಟ. ಮನೆಯಲ್ಲಿ ಅತ್ತೆ, "ಎಂಗಿತ್ತು?" ಎಂದರು.

"ಬೆ... ಬೆ... ಬೆಚ್ಚಗಿತ್ತು ಕಣಮ್ಮಿ!"

ಉಡುಪನ್ನು ಮಾವನೇ ಹಿಂಡದೆ ನೆರಳಿನಲ್ಲಿ ಹರವಿದರು. ಬಾವಿಯ ಪಾಚಿ ಮೆತ್ತಿತ್ತು, ಬೋಲ್ಟಿಗೆ ಸಿಕ್ಕಿ ಮೊಣಕೈ ಹತ್ತಿರ ಹರಿದಿತ್ತು. ಆ ಹರಿದ ಜಾಗವನ್ನು ಬೆರಳಿನಿಂದ ಸವರುತ್ತಾ ಬಹಳ ಹೊತ್ತು ನಿಂತಿದ್ದರು. ಮಾರನೆಯ ದಿನ ಇನ್ನೊಬ್ಬರು ಕರೆಯಲು ಬಂದರೆ, "ಶಾಗ್ಯದವನ್ನೇ ಕರ್ಕಳಿ. ಇನ್ಮ್ಯಾಲೆ ನಾನ್ ಬರಲ್ಲ" ಎಂದುಬಿಟ್ಟರು.

ಅತ್ತೆ ಜಗಲಿಗೆ ಓಡಿ ಬಂದರು. "ಯಾಕೆ? ಚಳಿ ತಡೀನಿಲ್ವಾ? ನಿಜ ಯೋಳಿ."

"ಚಳಿಗಲ್ಲ ಕಣಮ್ಮಿ. ಅದ್ನ ಇನ್ನೊಂದ್ಸಲ ನೀರ್ಗೆ ಇಳ್ಸಕ್ಕೆ ನನ್ ಕೈಲಾಗಲ್ಲ."

"ಅಯ್ಯೋ ಆಳಾದ್ ಮನ್ಸ! ಸೀರೆನೂ ಓಯ್ತು, ಬಾವಿನೂ ಓಯ್ತಲ್ಲ!" ಎಂದು ಅತ್ತೆ ಬೈಯಲು ಶುರುಮಾಡಿದರು. ಬೈಯುತ್ತಲೇ ಮಾವನ ಪಕ್ಕ ಕೂತರು, ಬೈಯುತ್ತಲೇ ಅವರ ತಣ್ಣಗಿನ ಕೈಗಳನ್ನು ತಮ್ಮ ಮಡಿಲಿಗೆಳೆದುಕೊಂಡು ತಿಕ್ಕತೊಡಗಿದರು. ನಾನು ಮೊಪೆಡ್ ತಳ್ಳಿಕೊಂಡು ಬೀದಿಗೆ ಬಂದೆ. ತಿರುಗಿ ನೋಡಿದೆ. ಜಗಲಿಯಿಂದ ಬೈಗುಳ ಇನ್ನೂ ಕೇಳುತ್ತಿತ್ತು. ಮಾವನ ಕೈಗಳು ಅತ್ತೆಯ ಮಡಿಲಲ್ಲೇ ಇದ್ದವು.