ನೆಲದೊಲೆಯ ಮೇಲಿನ ಹೊಗೆಗಂಟೆಯವರ ವರ್ಗಾವಣೆ ಕುರಿತು

ಕುರಾಸಾವಾ ಹಳ್ಳಿಯ ಹುಲ್ಲುಸೂರಿನ ಹಳೆಮನೆಯಲ್ಲಿ, ನೆಲದೊಲೆಗೆ ನೇರವಾಗಿ ಮೇಲೆ, ಮಸಿ ಹಿಡಿದ ತೊಲೆಯನ್ನು ಅಲಂಕರಿಸಿರುವ ಮಾನ್ಯ ಹೊಗೆಗಂಟೆಯವರಿಗೆ, ಅದೇ ಮನೆಯನ್ನು ಚಳಿಗಾಲದ ಮಟ್ಟಿಗೆ ಬಾಡಿಗೆಗೆ ಹಿಡಿದಿರುವ ಮಿನೆಗಿಶಿ ಸಾಯೊಳ ತಲೆಬಾಗಿದ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ. ತಮ್ಮ ಆರೋಗ್ಯದ ಸುದ್ದಿ ದಿನವೂ ಸಂಜೆ ಇಡೀ ಕಣಿವೆಗೆ ತಲುಪುತ್ತಿದೆ. ಈ ಮನೆಯನ್ನು ದುರಸ್ತಿ ಮಾಡಿ ಬಾಡಿಗೆಗೆ ಕೊಡುವ ಕಂಪನಿಯು, ಹೊಗೆ ತಾಗದಿದ್ದರೆ ಸೂರಿನ ಹುಲ್ಲಿಗೆ ಹುಳ ಹಿಡಿಯುವುದರಿಂದ ದಿನವೂ ಒಲೆ ಹೊತ್ತಿಸಲೇಬೇಕು ಎಂದು ನನ್ನಿಂದ ಮಾತು ಪಡೆದಿದೆ. ಹೊಗೆ ಕಂಡ ಕೂಡಲೇ ಕೂಗಬೇಕೆಂದು ತಮ್ಮನ್ನು ನೇಮಿಸಿದ್ದೂ ಅದೇ ಕಂಪನಿ. ನಾವಿಬ್ಬರೂ ಒಂದೇ ಧಣಿಯ ನಿಷ್ಠಾವಂತರು. ನಾನು ನನ್ನ ಕರ್ತವ್ಯ ಮಾಡಿದಾಗಲೆಲ್ಲ ತಾವು ತಮ್ಮದನ್ನು ಮಾಡುತ್ತೀರಿ.

ಹಳೆಯ ಕವಿತೆಗಳಲ್ಲಿ ದೂರದ ಗುಡಿಸಲಿನಿಂದೇಳುವ ಹೊಗೆಯನ್ನು ಓದಿ ಮರುಳಾಗಿ ಇಲ್ಲಿಗೆ ಬಂದವಳು ನಾನು. ಆ ಕವಿಗಳಿಗೆ ತಮ್ಮ ಪರಿಚಯವಿರಲಿಲ್ಲ. ಮೊದಲ ಸಂಜೆ ಹೊಳೆಮೀನನ್ನು ಕಡ್ಡಿಗೆ ಚುಚ್ಚಿ ಒಲೆಯ ಬೂದಿಯಲ್ಲಿ ನಿಲ್ಲಿಸಿದ್ದೆನಷ್ಟೆ, ತಾವು ಸೂರಿನಡಿಯ ಧ್ವನಿವರ್ಧಕದಿಂದ, ರೈಲು ನಿಲ್ದಾಣದ ಹೆಣ್ಣುದನಿಯಲ್ಲಿ, "ಬೆಂಕಿ ಬಿದ್ದಿದೆ, ದಯವಿಟ್ಟು ಹೊರಗೆ ಬನ್ನಿ" ಎಂದು ಊರಿಗೆಲ್ಲ ಸಾರಿದಿರಿ. ಊರಿನ ಅಗ್ನಿಶಾಮಕ ದಳದ ಮುಖ್ಯಸ್ಥರೂ ತೋಫು ಅಂಗಡಿಯ ಮಾಲೀಕರೂ ಆದ ಕಜಿತಾನಿಯವರು ಒದ್ದೆ ಏಪ್ರನ್ನಿನಲ್ಲೇ ಪಂಪು ಎಳೆದುಕೊಂಡು ಓಡಿಬಂದರು. ಹಿಂದೆ ಪಕ್ಕದ ಮನೆಯ ಇಸೊಯೊ ಅಜ್ಜಿ, ಕೈಯಲ್ಲಿ ಬಕೆಟ್ಟು.

"ಎಲ್ಲಮ್ಮಾ ಬೆಂಕಿ?" ಎಂದರು ಕಜಿತಾನಿ.

"ಕಣ್ಣೆದುರಿಗೇ ಇದೆಯಲ್ಲೋ. ಸಾಯೊ, ಆ ಮೀನು ತಿರುಗಿಸು, ಸೀದು ಹೋಗ್ತಿದೆ" ಎಂದರು ಅಜ್ಜಿ.

ತಾವು ಬಲ್ಲಿರಿ, ಈ ಊರಲ್ಲಿ ಕಾರಣವಿಲ್ಲದೆ ಯಾರೂ ಇನ್ನೊಬ್ಬರ ಹೊಸ್ತಿಲು ದಾಟುವುದಿಲ್ಲ. ಬಂದ ಹೊಸದರಲ್ಲಿ ಒಳಗೆ ಬನ್ನಿ ಎಂದು ನಾನು ಕರೆದವರೆಲ್ಲ, ನಿಮಗ್ಯಾಕೆ ತೊಂದರೆ ಎಂದು ಬಾಗಿಲಲ್ಲೇ ಬಗ್ಗಿ ನಮಸ್ಕರಿಸಿ ಹೊರಟುಬಿಡುತ್ತಿದ್ದರು. ಆ ಕಾರಣವನ್ನು ದಯಪಾಲಿಸಿದವರು ತಾವು. ಅಂದಿನಿಂದ ತಮ್ಮ ಕೂಗಿಗೆ ಅವರು ತಪ್ಪದೆ ಬರುತ್ತಾರೆ. ಓಟ ಬರಬರುತ್ತ ನಡಿಗೆಯಾಗಿದೆ, ಬಕೆಟ್ಟಿನಲ್ಲಿ ನೀರಿನ ಬದಲು ಉಪ್ಪಿಗೆ ಹಾಕಿದ ಮೂಲಂಗಿ ಬರುತ್ತಿದೆ. "ಕರ್ತವ್ಯ, ಏನ್ಮಾಡೋಕಾಗುತ್ತೆ" ಎನ್ನುತ್ತ ಕಜಿತಾನಿ ಬೂಟು ಬಿಚ್ಚಿದರೆ, "ಇವನ ತೋಫುಗಿಂತ ಇವನ ಕರ್ತವ್ಯವೇ ಗಟ್ಟಿ" ಎಂದು ಅಜ್ಜಿ ಒಲೆಯ ಪಕ್ಕದ ಬೆಚ್ಚನೆಯ ಜಾಗ ಹಿಡಿಯುತ್ತಾರೆ.

ಇಷ್ಟರಲ್ಲಿ ಕಂಪನಿಯ ತೊಕಿವಾ ಅವರಿಗೆ ತಮ್ಮ ಕೂಗಾಟದ ಸುದ್ದಿ ಮುಟ್ಟಿತು; ಅವರು ಕ್ಷಮೆ ಕೇಳಲು ಸಿಹಿಯ ಡಬ್ಬಿಯೊಂದಿಗೆ ಬಂದರು. ಬರುವ ಸೋಮವಾರ ತಮ್ಮನ್ನು ಇಳಿಸಿ, ಹೊಗೆಯನ್ನು ಲೆಕ್ಕಿಸದೆ ಸುಡುಬಿಸಿಗೆ ಮಾತ್ರ ಕೂಗುವ ಹೊಸಬರನ್ನು ಕೂರಿಸುತ್ತಾರಂತೆ. ನನಗೇನೂ ತೊಂದರೆಯಿಲ್ಲ ಎಂದೆ. ತೊಂದರೆಯಾದವರೆಲ್ಲ ನಮ್ಮಲ್ಲಿ ಹೇಳುವುದೂ ಅದನ್ನೇ ಆದ್ದರಿಂದ ಅವರು ಇನ್ನಷ್ಟು ಬಗ್ಗಿದರು. ನಿಜವಾಗಿಯೂ ಇಲ್ಲ ಎಂದೆ. ಹಣೆ ಚಾಪೆಗೆ ತಾಗಿತು. ಇನ್ನೊಮ್ಮೆ ಹೇಳಿದ್ದರೆ ಅವರನ್ನು ಎಬ್ಬಿಸಲು ದಳವನ್ನೇ ಕರೆಯಬೇಕಿತ್ತು.

ಆದ್ದರಿಂದ ಮಾನ್ಯರಲ್ಲಿ ಬೇಡುವುದೇನೆಂದರೆ, ಸೋಮವಾರ ತಾವು ಮಸಿ ಬಳಿದುಕೊಂಡು ತೊಲೆಯೊಳಗೆ ತೊಲೆಯಾಗಿ ಅಡಗಬೇಕು. ಅದಾಗದಿದ್ದರೆ ಬಚ್ಚಲಿಗೆ ವರ್ಗ ಮಾಡಿಸಿಕೊಂಡು ನನ್ನ ಸ್ನಾನದ ಹಬೆಗಾದರೂ ಕೂಗಬೇಕು. ಅದೂ ಆಗದಿದ್ದರೆ ಹೊಸಬರಿಗೆ ಹೊಗೆಯ ರುಚಿ ಹತ್ತಿಸಿ ಹೋಗಬೇಕು. ಕೂಗಿಲ್ಲದ ಸಂಜೆ ಅವರು ಯಾವ ನೆಪ ಹಿಡಿದು ಬಂದಾರು ಎಂಬುದು ನನಗೆ ತೋಚುತ್ತಿಲ್ಲ.

ಸಂಜೆಯ ಒಂದು ಕೂಗಿನ ನಿರೀಕ್ಷೆಯಲ್ಲಿರುವ,
ತಮ್ಮ ವಿಶ್ವಾಸಿ,
ಮಿನೆಗಿಶಿ ಸಾಯೊ

ಮರುಬರಹ: ಸೋಮವಾರ ಮಧ್ಯಾಹ್ನ ತಮ್ಮನ್ನು ಇಳಿಸಿ ಪೆಟ್ಟಿಗೆಗೆ ಹಾಕಿದ್ದು ತಮಗೂ ಗೊತ್ತಿದೆ. ಸಂಜೆ ಒಂದೇ ಮೀನು ಸುಟ್ಟೆ. ಹೊಸಬರು ತುಟಿ ಬಿಚ್ಚಲಿಲ್ಲ. ಕತ್ತಲಾಗುವ ಹೊತ್ತಿಗೆ ರಸ್ತೆಯಲ್ಲಿ ಪಂಪಿನ ಗಾಲಿಯ ಸದ್ದು. "ಇಷ್ಟು ಹೊತ್ತಾದ್ರೂ ಗಂಟೆ ಕೂಗಲಿಲ್ಲ, ನಿಮಗೇನಾದ್ರೂ ಆಯ್ತೇನೋ ಅಂತ ಬಂದ್ವಿ" ಎಂದರು ಕಜಿತಾನಿ. "ನಾಳೆಯೂ ಕೂಗದಿದ್ರೆ ನಾಳೆಯೂ ನೋಡಬೇಕಾಗುತ್ತೆ" ಎನ್ನುತ್ತ ಅಜ್ಜಿ ಒಳಗೆ ಬಂದೇಬಿಟ್ಟರು. ಆದಕಾರಣ ಮೇಲಿನ ವಿನಂತಿಗಳನ್ನೆಲ್ಲ ಹಿಂತೆಗೆದುಕೊಂಡಿದ್ದೇನೆ, ತಾವು ನೆಮ್ಮದಿಯಿಂದ ವಿಶ್ರಮಿಸಬಹುದು. ಒಂದು ಮಾತು ಮಾತ್ರ ತಮಗೆ ತಿಳಿದಿರಲಿ: ತಮ್ಮ ಕೂಗಿಗೆ ಇತ್ತೀಚೆಗೆ ನಡೆದು ಬರುತ್ತಿದ್ದವರು, ನಿನ್ನೆ ತಮ್ಮ ಮೌನಕ್ಕೆ ಓಡಿ ಬಂದಿದ್ದರು.