ಖಂಡಪ್ಪನ ಅಪೆಂಡಿಕ್ಸೂ ಹೊಸ ಮಶೀನೂ

ಖಂಡಪ್ಪನ ಹೊಟ್ಟೆ ಒತ್ತಿ ನೋಡಿದ ಡಾಕ್ಟರು, ಅಪೆಂಡಿಕ್ಸ್ ಊದಿಕೊಂಡಿದೆ, ಸಂಜೆಯೊಳಗೆ ತೆಗೆಯದಿದ್ದರೆ ಒಡೆಯುತ್ತದೆ ಎಂದರು. ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಮಶೀನು ಮಾತ್ರ, ಈ ಮನುಷ್ಯನಿಗೆ ಅಪೆಂಡಿಕ್ಸೇ ಇಲ್ಲ ಎಂದಿತು.

ಘಾಟ್ಕೋಪರದ ಚಾಳಿನ ಒಂದೇ ಖೋಲಿಯಲ್ಲಿ ಒಂದೇ ಊರಿನ ಗಂಡಸರೆಲ್ಲ ತುಂಬಿಕೊಂಡಿದ್ದರು. ಗಿರಣಿಯಲ್ಲಿ ಕಾಯಂ ಆದವನು ಖಂಡಪ್ಪ ಒಬ್ಬನೇ. ಉಳಿದವರು ಬದಲಿಗಳು, ಯಾರಾದರೂ ಬರದ ದಿನ ಮಾತ್ರ ಅವರಿಗೆ ಮಗ್ಗ. ಗಿರಣಿ ಕಾರ್ಮಿಕರ ಆಸ್ಪತ್ರೆಯ ಕಾರ್ಡೂ ಕಾಯಂ ಆದವನಿಗೆ ಮಾತ್ರ. ಹೀಗಾಗಿ ಖೋಲಿಯ ಕನ್ನಡಿಯಂತೆ ಅದನ್ನೂ ಎಲ್ಲರೂ ಬಳಸುತ್ತಿದ್ದರು. ಈರಣ್ಣ ಖಂಡಪ್ಪನಾಗಿ ಹೋಗಿ ಕ್ಷಯಕ್ಕೆ ಸೂಜಿ ಹಾಕಿಸಿಕೊಂಡ. ಕಾಶಪ್ಪ ಖಂಡಪ್ಪನಾಗಿ ಹರ್ನಿಯಾ ಹೊಲಿಸಿಕೊಂಡ. ಚಂದ್ರಾಮ ಖಂಡಪ್ಪನಾಗಿ ಅಪೆಂಡಿಕ್ಸ್ ತೆಗೆಸಿಕೊಂಡ. ಕಾಗದಗಳು ಬೇರೆ ಬೇರೆ ಕಪಾಟುಗಳಲ್ಲಿ ಧೂಳು ತಿನ್ನುತ್ತಿದ್ದ ತನಕ ಎಲ್ಲರೂ ಗುಣವಾಗುತ್ತಿದ್ದರು. ಆಮೇಲೆ ಸರಕಾರಕ್ಕೆ ಸುಧಾರಣೆಯ ಹುಕಿ ಬಂದು, ಕಾರ್ಡಿಗೆ ತೂತು ಹೊಡೆದು ದಾಖಲೆ ಇಡುವ ಮಶೀನು ತರಿಸಿತು. ಎಲ್ಲರ ರೋಗಗಳೂ ತೂತುಗಳಾಗಿ ಒಂದು ಕಾರ್ಡಿಗೆ ಇಳಿದವು.

ಮುನಸಿಪಾಲಿಟಿ ದವಾಖಾನೆಯವರು ಬೆಳಿಗ್ಗೆಯೇ, ಗಿರಣಿಯವನು ಗಿರಣಿಯವರ ಆಸ್ಪತ್ರೆಗೆ ಹೋಗು ಎಂದು ಖಂಡಪ್ಪನನ್ನು ಅಟ್ಟಿದ್ದರು. ಇಲ್ಲಿ ಮಶೀನಿನ ಚೀಟಿಯಿಲ್ಲದೆ ಆಪರೇಶನ್ ಖೋಲಿಯ ಬಾಗಿಲು ತೆರೆಯುತ್ತಿರಲಿಲ್ಲ. ಚಂದ್ರಾಮ ಅವನನ್ನು ಗೋಣಿಚೀಲದಂತೆ ಹೊತ್ತು ಮಶೀನಿನ ಖೋಲಿಗೆ ತಂದ.

ಮಶೀನು ನಡೆಸುವ ಪೂವಪ್ಪ ಉಡುಪಿ ಕಡೆಯವನು. ಮಾವನ ಹೋಟೆಲಿನ ಗಲ್ಲಾ ಒರೆಸುವಷ್ಟು ಭಕ್ತಿಯಿಂದ ಅದನ್ನು ಒರೆಸುತ್ತಿದ್ದ.

“ಒಬ್ಬ ಮನುಷ್ಯನಿಗೆ ಎಷ್ಟು ಅಪೆಂಡಿಕ್ಸ್ ಮಾರಾಯ?”

“ಒಂದ ರೀ,” ಎಂದ ಖಂಡಪ್ಪ. “ಅದು ಇನ್ನಾ ಒಳಗ ಅದ.”

“ಮಶೀನಿನಲ್ಲಿ ಇಲ್ಲ.”

ಖಂಡಪ್ಪ ಅಂಗಿ ಎತ್ತಿ ಗಾಯವಿಲ್ಲದ ಹೊಟ್ಟೆ ತೋರಿಸಿದ. ತಾನೇನೋ ನಂಬುತ್ತೇನೆ, ಮಶೀನಿಗೆ ಕಣ್ಣಿಲ್ಲ ಎಂದ ಪೂವಪ್ಪ. ಸಹಾಯ ಮಾಡಲು ಹೋದ ಚಂದ್ರಾಮ ತನ್ನ ಅಂಗಿಯನ್ನೂ ಎತ್ತಿದ. “ಕೊಯ್ದದ್ದು ಇಲ್ಲಿ ನೋಡ್ರಿ. ಅವಂದಲ್ಲ, ನಂದು.”

ಪೂವಪ್ಪ ಹೌಹಾರಿ ಬಾಗಿಲು ಹಾಕಿದ. ಸಾಹೇಬರ ಕಿವಿಗೆ ಬಿದ್ದರೆ ಇಬ್ಬರನ್ನೂ ಪೊಲೀಸರು ಒಯ್ಯುತ್ತಾರೆ ಎಂದು ಬೈದ. ಆದರೆ ಖಂಡಪ್ಪ ನೆಲದ ಮೇಲೆ ಮುದುಡಿ ಬಿದ್ದಿದ್ದನ್ನು ಕಂಡು ಕರಗಿದ. ಬಿದ್ದ ತೂತು ಮುಚ್ಚಲಿಕ್ಕೆ ಬರುವುದಿಲ್ಲ, ಹಳೆಯ ಕಾರ್ಡು ಮುಗಿಸಿ ಹೊಸದು ಮಾಡಿಕೊಡುತ್ತೇನೆ ಎಂದ. ಟಕಟಕ ಸದ್ದಾಯಿತು. ಹೊಸ ಖಂಡಪ್ಪನಿಗೆ ಕ್ಷಯವಿಲ್ಲ, ಹರ್ನಿಯಾ ಇಲ್ಲ, ಅಪೆಂಡಿಕ್ಸ್ ಉಂಟು. ಚಂದ್ರಾಮ ಪೂವಪ್ಪನ ಕಾಲಿಗೇ ಬಿದ್ದ.

ಆಪರೇಶನ್ ಖಿಡಕಿಯಲ್ಲಿದ್ದ ಹೆಂಗಸು ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿ, ಹೊಸ ಸದಸ್ಯನಿಗೆ ಆರು ತಿಂಗಳ ತನಕ ಆಪರೇಶನ್ ಇಲ್ಲ ಎಂದು ಹಿಂದಕ್ಕೆ ತಳ್ಳಿದಳು.

ಇಬ್ಬರೂ ಮತ್ತೆ ಪೂವಪ್ಪನ ಮುಂದೆ ನಿಂತರು.

“ಹಳೇದ ಕೊಡ್ರಿ,” ಎಂದ ಖಂಡಪ್ಪ. “ಕ್ಷಯಕ್ಕಾದ್ರೂ ಒಳಗ ಮಲಗಿಸ್ಕೊಳ್ಳಲಿ.”

ಪೂವಪ್ಪ ತಲೆ ತಗ್ಗಿಸಿದ. “ಅದು ಹೋಯಿತು ಮಾರಾಯ. ಕಾರ್ಡು ಮುಗಿಸಲಿಕ್ಕೆ ಒಂದೇ ತೂತು ಇರುವುದು, ಸತ್ತವರದ್ದು. ಗಿರಣಿಗೂ ಈಗಲೇ ಸುದ್ದಿ ಹೋಗಿರ್ತದೆ.”

ಚಂದ್ರಾಮ ಖಂಡಪ್ಪನನ್ನು ಮೆಲ್ಲಗೆ ಬೆಂಚಿನ ಮೇಲೆ ಒರಗಿಸಿ, ಕುಡಿಯಲು ನೀರು ಕೊಟ್ಟು, ರೈಲು ಸ್ಟೇಷನ್ನಿನತ್ತ ಓಡಿದ. ಸತ್ತವನ ಮಗ್ಗ ಖಾಲಿಯಾದದ್ದು ಉಳಿದ ಬದಲಿಗಳಿಗೆ ತಿಳಿಯುವ ಮೊದಲೇ ಅವನು ಗಿರಣಿ ಮುಟ್ಟಬೇಕಿತ್ತು.